ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬೆಳಕು ಹಾಕಿದ ಹನ್ನೊಂದು ವಾರಗಳು

ಕಳೆದ ಭಾನುವಾರ ರಾತ್ರಿ ನಮ್ಮ ಹವ್ಯಾಸಿ ತಂಡದ ಸಂಗೀತ ನಾಟಕದ ಎರಡನೆಯ ಪ್ರದರ್ಶನ ಮುಗಿಯಿತು. ಸೋಮವಾರ ಬೆಳಿಗ್ಗೆ ಬಾಡಿಗೆಗೆ ತಂದಿದ್ದ ದೀಪಗಳನ್ನು ಒಂದೊಂದಾಗಿ ಎಣಿಸಿ ಗಾಡಿಗೆ ಹೇರಿ ಕಳಿಸಿದ ಮೇಲೆ, ಹನ್ನೊಂದು ವಾರಗಳಲ್ಲಿ ಮೊದಲ ಬಾರಿಗೆ ಮಧ್ಯಾಹ್ನ ಮಲಗಿ ನಿದ್ದೆ ಮಾಡಿದೆ. ನಾನು ವೃತ್ತಿಯಿಂದ ಭೌತಶಾಸ್ತ್ರದ ಉಪನ್ಯಾಸಕಿ. ಹದಿನಾಲ್ಕು ವರ್ಷಗಳಿಂದ ಧಾರವಾಡ, ಹುಬ್ಬಳ್ಳಿಯ ಹವ್ಯಾಸಿ ತಂಡಗಳಿಗೆ ಬೆಳಕಿನ ವಿನ್ಯಾಸ ಮಾಡುತ್ತ ಬಂದಿದ್ದೇನೆ. ಆದರೆ ಎಂಟುನೂರೈವತ್ತು ವರ್ಷಗಳ ಹಿಂದಿನ ಕಾಲದಲ್ಲಿ ನಡೆಯುವ, ಇಪ್ಪತ್ತಮೂರು ಹಾಡುಗಳಿರುವ ನಾಟಕವೊಂದಕ್ಕೆ ಬೆಳಕು ಹಾಕುವುದು ನನಗೆ ಹೊಸದಾಗಿತ್ತು. ಯಾರನ್ನು ಕೇಳಬೇಕು, ಎಲ್ಲಿಂದ ಆರಂಭಿಸಬೇಕು ಎಂಬುದು ತಿಳಿಯದೆ ನಾನು ಕಳೆದ ದಿನಗಳು ಬೇರೆಯವರಿಗೆ ಬರಬಾರದೆಂಬ ಕಾಳಜಿಯಿಂದ, ಎಲ್ಲವೂ ನೆನಪಿನಲ್ಲಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ.

ನಾಟಕ ನಡೆಯುವುದು 1160ರ ದಶಕದ ಕಲ್ಯಾಣದಲ್ಲಿ. ಬಿಜ್ಜಳನ ಒಡ್ಡೋಲಗ, ಶರಣರು ಸೇರುವ ಮಂಟಪ, ಹರಳಯ್ಯನ ಮನೆ, ಕಲ್ಯಾಣದ ಬೀದಿಗಳು, ಕೊನೆಗೆ ಉಳಿದ ಶರಣರು ಚೆನ್ನಬಸವಣ್ಣನ ಜೊತೆ ಉಳವಿಯ ಕಡೆಗೆ ನಡೆಯುವ ಕಾಡುದಾರಿ: ಇಷ್ಟು ಸ್ಥಳಗಳು. ಹಾಡುಗಳಲ್ಲಿ ಹೆಚ್ಚಿನವು ವಚನಗಳು, ಹಿಂದೂಸ್ತಾನಿ ರಾಗಗಳಲ್ಲಿ ಹೊಂದಿಸಿದವು. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳನ್ನು ಕೇಳುತ್ತ ಬೆಳೆದ ಈ ಊರಿನಲ್ಲಿ ಪ್ರೇಕ್ಷಕರ ಕಿವಿ ಬಹಳ ಸೂಕ್ಷ್ಮವಾಗಿರುತ್ತದೆ; ಆ ಹಾಡಿಗೆ ಅಡ್ಡ ಬರುವ ಬೆಳಕನ್ನು ಅವರು ಕ್ಷಮಿಸುವುದಿಲ್ಲ ಎಂಬುದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು.

ನವೆಂಬರ್ ಕೊನೆಯ ವಾರ ನಿರ್ದೇಶಕಿಯವರ ಮನೆಯಲ್ಲಿ ಮೊದಲ ಸಭೆ ಸೇರಿತು. ಅವರ ಮನಸ್ಸಿನಲ್ಲಿದ್ದುದು ಬಂಗಾರದ ಬಣ್ಣದ ಭವ್ಯ ಕಲ್ಯಾಣ. ತಿರುಗುವ ಎಲ್‌ಇಡಿ ದೀಪಗಳು, ಹೊಗೆಯ ನಡುವೆ ಕೋಲುಕೋಲಾಗಿ ಇಳಿಯುವ ಬೆಳಕು, ಮುಖ್ಯ ಗಾಯಕರನ್ನು ಹಿಂಬಾಲಿಸುವ ಫಾಲೋ ಸ್ಪಾಟ್ ಎಲ್ಲವನ್ನೂ ಅವರು ಕೇಳಿದರು. ನಾನು ಒಂದು ವಾರದ ಸಮಯ ಕೇಳಿಕೊಂಡು ಮನೆಗೆ ಬಂದೆ. ಆ ವಾರವೆಲ್ಲ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಆ ಕಾಲದವರಿಗೆ ರಾತ್ರಿ ಬೆಳಕು ಎಲ್ಲಿಂದ ಬರುತ್ತಿತ್ತು?

ಉತ್ತರ ನಮ್ಮ ಶಾಸನಗಳಲ್ಲಿಯೇ ಇದೆ. ದೇವಸ್ಥಾನದ ನಂದಾದೀವಿಗೆಗೆಂದು, ಸೊಡರೆಣ್ಣೆಗೆಂದು ಗಾಣಗಳಿಂದ ಇಂತಿಷ್ಟು ಎಣ್ಣೆಯನ್ನು ದತ್ತಿಯಾಗಿ ಬಿಟ್ಟ ವಿವರಗಳು ಆ ಕಾಲದ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಒಂದು ದೀಪ ಆರದಂತೆ ಉರಿಯಲಿ ಎಂದು ಕಲ್ಲಿನಲ್ಲಿ ಕೊರೆಸಿಡುವಷ್ಟು ಬೆಳಕು ಅಂದು ಬೆಲೆಯುಳ್ಳದ್ದಾಗಿತ್ತು. ಎಣ್ಣೆ ಇದ್ದವನ ಮನೆಯಲ್ಲಿ ಬೆಳಕು, ಇಲ್ಲದವನ ಮನೆಯಲ್ಲಿ ಕತ್ತಲೆ. ಹಾಗಿದ್ದರೆ ಬಿಜ್ಜಳನ ಒಡ್ಡೋಲಗಕ್ಕೂ ಚಪ್ಪಲಿ ಹೊಲೆಯುವ ಹರಳಯ್ಯನ ಮನೆಗೂ ಇರುವ ಅಂತರವನ್ನು ಬಣ್ಣಕ್ಕಿಂತ ಮೊದಲು ದೀಪಗಳ ಎಣಿಕೆಯೇ ಹೇಳಬೇಕು. ಈ ಮಾತು ಹೊಳೆದ ಮೇಲೆ ನನ್ನ ಅರ್ಧ ಗೊಂದಲ ಕರಗಿತು. ಇಂಥ ನಾಟಕಕ್ಕೆ ಕೈಹಾಕುವವರು ದೀಪಗಳ ಪಟ್ಟಿ ಬರೆಯುವ ಮೊದಲು, ಪ್ರತಿ ದೃಶ್ಯಕ್ಕೂ ಬೆಳಕಿನ ಮೂಲ ಯಾವುದು, ಅದು ಯಾವ ಎತ್ತರದಲ್ಲಿದೆ, ಅದಕ್ಕೆ ಎಣ್ಣೆ ಹಾಕಿದವರು ಯಾರು ಎಂಬ ಮೂರು ವಿಷಯಗಳನ್ನು ಬರೆದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ರಂಗಪರಿಕರಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ನಮ್ಮಲ್ಲಿ ಒಬ್ಬರು ಅಕ್ಕರೆಯಿಂದ ಅಜ್ಜಿಯ ಮನೆಯ ಗಾಜಿನ ಕಂದೀಲು ತಂದಿದ್ದರು. ಸೀಮೆಎಣ್ಣೆಯ ದೀಪ ನಮ್ಮ ಮನೆಗಳಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಎಂದು ತಿಳಿಸಿ, ಅವರ ಮನಸ್ಸಿಗೆ ನೋವಾಗದಂತೆ ಅದನ್ನು ಹಿಂದಿರುಗಿಸಬೇಕಾಯಿತು. ಮೇಣದ ಬತ್ತಿಗಳಿಗೂ ಅದೇ ಗತಿಯಾಯಿತು. ಉಳಿದದ್ದು ಹಣತೆ, ಕಂಬದ ದೀಪ ಮತ್ತು ದೀವಟಿಗೆ ಮಾತ್ರ.

ಡಿಸೆಂಬರ್ ಮೊದಲ ಶನಿವಾರ ಗದಗಿನ ಮಾರ್ಗವಾಗಿ ಕೊಪ್ಪಳ ಜಿಲ್ಲೆಯ ಇಟಗಿಗೆ ಹೋದೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, 1112ರಲ್ಲಿ, ದಂಡನಾಯಕ ಮಹಾದೇವ ಕಟ್ಟಿಸಿದ ಅಲ್ಲಿನ ಮಹಾದೇವ ದೇವಾಲಯವನ್ನು ಶಾಸನವೊಂದು ‘ದೇವಾಲಯಗಳ ಚಕ್ರವರ್ತಿ’ ಎಂದು ಕರೆಯುತ್ತದೆ. ನಮ್ಮ ನಾಟಕದ ಕಾಲಕ್ಕೆ ಅದು ಅರ್ಧ ಶತಮಾನದಷ್ಟು ಹಳೆಯ ಕಟ್ಟಡ. ಅಂದರೆ ನಮ್ಮ ಪಾತ್ರಗಳು ಕಂಡಿರಬಹುದಾದ ಒಳಾಂಗಣ ಅದು. ಕೆತ್ತನೆ ನೋಡಲು ನಾನು ಹೋಗಿರಲಿಲ್ಲ. ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ ಒಳಗಿನ ಮಂಟಪದಲ್ಲಿ ಒಂದು ಕಂಬದ ಪಕ್ಕ ಕುಳಿತು, ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ನೋಡಿದೆ.

ಕಡೆದು ನುಣುಪು ಮಾಡಿದ ಆ ಕಂಬ ಬಹುಮಟ್ಟಿಗೆ ಕಪ್ಪು. ಅದರ ಉಬ್ಬಿನ ಮೇಲೆ ಬಾಗಿಲಿನ ಬೆಳಕು ಒಂದು ತೆಳುವಾದ ಬಿಳಿ ಗೆರೆಯಾಗಿ ನಿಂತಿತ್ತು. ನಾನು ಕೈ ಚಾಚಿದಾಗ ಆ ಗೆರೆ ನನ್ನ ಬೆರಳಿನಷ್ಟೇ ಅಗಲ ಮುರಿಯಿತು. ಪೂರ್ವದ ತೆರೆದ ಮಂಟಪದಿಂದ ಬಂದ ಬಿಸಿಲು ಮೊದಲು ನೆಲದ ಚಪ್ಪಡಿಯ ಮೇಲೆ ಬಿದ್ದು, ಅಲ್ಲಿಂದ ಪುಟಿದು ಮೇಲೇರುತ್ತಿತ್ತು. ಒಳಗೆ ಬಂದ ಅಜ್ಜಿಯೊಬ್ಬರ ಗಲ್ಲದ ಕೆಳಭಾಗ, ಮೂಗಿನ ಕೆಳಗಿನ ತುದಿ, ಹುಬ್ಬಿನ ಒಳಮೈ ಬೆಳಗಿದ್ದವು, ನೆತ್ತಿ ಕತ್ತಲೆಯಲ್ಲಿತ್ತು. ನಾವು ರಂಗದ ಮೇಲೆ ಮಾಡುವುದು ಇದಕ್ಕೆ ತದ್ವಿರುದ್ಧ. ದೀಪಗಳನ್ನು ತೂಗುಹಾಕುವ ಮೇಲಿನ ಕೊಳವೆಯಿಂದ, ಅಂದರೆ ಬಾರಿನಿಂದ, ಬೆಳಕು ಸುರಿಯುತ್ತೇವೆ. ನೆತ್ತಿ ಹೊಳೆಯುತ್ತದೆ, ಕಣ್ಣು ಗುಳಿಬೀಳುತ್ತದೆ. ಅಂದೇ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: ಮೇಲಿನಿಂದ ಕಡಿಮೆ, ಪಕ್ಕದಿಂದ ಮತ್ತು ಕೆಳಗಿನಿಂದ ಹೆಚ್ಚು.

ಮುಂದಿನ ವಾರ ರಂಗಮಂದಿರ ನೋಡಲು ಹೋದಾಗ ಮೊದಲ ಪೆಟ್ಟು ಬಿತ್ತು. ನನ್ನ ಪಟ್ಟಿಯಲ್ಲಿ ತಲಾ 1000 ವ್ಯಾಟ್‌ನ ಮೂವತ್ತು ಹ್ಯಾಲೊಜೆನ್ ದೀಪಗಳಿದ್ದವು. ತಂಡದ ಹಿರಿಯ ಎಲೆಕ್ಟ್ರಿಶಿಯನ್ ಕಾಕಾ ಅವರು ಪಟ್ಟಿಯನ್ನು ತಿರುವಿಯೂ ನೋಡದೆ ನೇರವಾಗಿ ರಂಗದ ಹಿಂದಿನ ವಿದ್ಯುತ್ ಫಲಕದ ಬಾಗಿಲು ತೆರೆದರು. “ಅಕ್ಕಾರ, ಇಷ್ಟ್ ಲೋಡ್ ಇಲ್ಲಿ ತಡಿಯಂಗಿಲ್ರಿ. ಮೊದ್ಲ ಬೋರ್ಡ್ ನೋಡ್ರಿ, ಆಮ್ಯಾಲೆ ಬಣ್ಣ ನೋಡ್ರಿ” ಎಂದರು. ವಿದ್ಯುತ್ ಬರುವ ಮೂರು ಸಾಲುಗಳಿಗೂ, ಅಂದರೆ ಮೂರು ಫೇಸಿಗೂ, ಭಾರ ಮೀರಿದರೆ ತಾನಾಗಿ ಕಡಿತವಾಗುವ ತಲಾ 32 ಆಂಪಿಯರ್‌ನ ಎಂಸಿಬಿ ಸ್ವಿಚ್ ಇತ್ತು. ಲೆಕ್ಕ ಸುಲಭ: 230 ವೋಲ್ಟ್‌ನಲ್ಲಿ 1000 ವ್ಯಾಟ್ ದೀಪವೊಂದು ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಮೂವತ್ತನ್ನು ಮೂರು ಫೇಸಿಗೆ ಸಮನಾಗಿ ಹಂಚಿದರೂ ಫೇಸಿಗೆ 43 ಆಂಪಿಯರ್ ಆಗುತ್ತದೆ. ಮೂರೂ ಫೇಸ್ ಸೇರಿ ಸಿಗುವುದು ಸುಮಾರು 22 ಕಿಲೋವ್ಯಾಟ್. ಅದರಲ್ಲಿ ಶೇಕಡ 80ಕ್ಕಿಂತ ಹೆಚ್ಚು ಬಳಸಬಾರದೆಂಬುದು ಕಾಕಾ ಅವರ ನಿಯಮ. ಹೀಗೆ ಮೂವತ್ತು ಹೋಗಿ ಹದಿನಾಲ್ಕು ಹ್ಯಾಲೊಜೆನ್ ಮತ್ತು ಪಾರ್ ಎಂಬ ಹನ್ನೆರಡು ಎಲ್‌ಇಡಿ ದೀಪಗಳಿಗೆ ಬಂದು ನಿಂತೆ. ಒಟ್ಟು 15.8 ಕಿಲೋವ್ಯಾಟ್, ಫೇಸಿಗೆ ಸುಮಾರು 23 ಆಂಪಿಯರ್. ಅಂದು ರಾತ್ರಿ ನನಗೆ ಬಹಳ ಬೇಸರವಾಯಿತು. ಆದರೆ ಈಗ ಹಿಂದಿರುಗಿ ನೋಡಿದರೆ, ಆ ಕೊರತೆಯೇ ನನ್ನನ್ನು ಕತ್ತಲೆಯ ಕಡೆಗೆ ತಳ್ಳಿತು ಮತ್ತು ನಾಟಕಕ್ಕೆ ಬೇಕಾಗಿದ್ದುದೂ ಅದೇ ಆಗಿತ್ತು. ರಂಗಮಂದಿರ ಗೊತ್ತುಮಾಡಿದ ದಿನವೇ ಫಲಕದ ಫೋಟೊ ತೆಗೆದುಕೊಳ್ಳಿ. ಬಾರುಗಳ ಎತ್ತರ, ಬಾಲ್ಕನಿಯಿಂದ ರಂಗದ ಅಂಚಿಗೆ ಇರುವ ದೂರ, ರಂಗದ ಪಕ್ಕದ ಮರೆಗಳಾದ ಸೈಡ್ ವಿಂಗ್‌ಗಳ ಅಗಲ ಇವನ್ನೂ ಅಳೆದುಕೊಂಡು ಬನ್ನಿ. ಬಾಯಿಮಾತಿನ ಅಳತೆ ನಂಬಿದರೆ ಕೊನೆಯ ವಾರ ಪರಿತಪಿಸಬೇಕಾಗುತ್ತದೆ.

ಎರಡನೆಯ ಅಡ್ಡಿ ಕಾಗದಪತ್ರದ್ದು. ಶರಣರ ಮಂಟಪದಲ್ಲಿ ಹನ್ನೆರಡು ನಿಜವಾದ ಹಣತೆ ಉರಿಯಬೇಕೆಂದು ನಿರ್ದೇಶಕಿಯವರ ಆಸೆ, ನನ್ನದೂ ಕೂಡ. ರಂಗಮಂದಿರದವರು ಲಿಖಿತ ಮನವಿ ಕೇಳಿದರು. ದೃಶ್ಯದ ಅವಧಿ, ಹಣತೆಗಳ ಸಂಖ್ಯೆ, ಪರದೆಯಿಂದ ಅವು ಇರುವ ದೂರ, ಮರಳಿನ ಬಕೆಟ್ ಮತ್ತು ಅಗ್ನಿಶಾಮಕ ಸಿಲಿಂಡರ್ ಎಲ್ಲಿರುತ್ತವೆ ಎಂಬ ನಕಾಶೆ ಇವೆಲ್ಲವನ್ನೂ ಸೇರಿಸಿ ಕೊಟ್ಟೆವು. ಮೂರು ಸಲ ಹೋಗಿ ವಿಚಾರಿಸಿದೆ. ಹತ್ತೊಂಬತ್ತು ದಿನಗಳ ನಂತರ, ಹಳೆಯ ಬಟ್ಟೆಯ ಪರದೆಗಳಿರುವ ರಂಗದಲ್ಲಿ ತೆರೆದ ಬೆಂಕಿಗೆ ಅವಕಾಶವಿಲ್ಲ ಎಂಬ ಉತ್ತರ ಬಂತು. ಅವರ ಮಾತಿನಲ್ಲಿ ನ್ಯಾಯವಿತ್ತು. ಮೂವತ್ತನಾಲ್ಕು ಜನ, ಅವರಲ್ಲಿ ಆರು ಮಕ್ಕಳು, ಎಲ್ಲರದೂ ಹತ್ತಿಬಟ್ಟೆ. ನೊಂದುಕೊಂಡದ್ದು ಕಳೆದುಹೋದ ಹತ್ತೊಂಬತ್ತು ದಿನಗಳಿಗಾಗಿ. ಅನುಮತಿ ಸಿಗುವುದಿಲ್ಲ ಎಂದೇ ಎಣಿಸಿ ಬದಲಿ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ಸಿದ್ಧಮಾಡುತ್ತ ಹೋಗಿ, ಸಿಕ್ಕರೆ ಅದನ್ನು ಹೆಚ್ಚುವರಿ ಎಂದು ತಿಳಿಯಿರಿ.

ಹುಸಿ ಹಣತೆಯ ಹುಡುಕಾಟಕ್ಕೆ ಎರಡು ವಾರ ಹಿಡಿಯಿತು. ಅಂಗಡಿಯಲ್ಲಿ ಸಿಗುವ, ಮಿಣುಕುವ ಬ್ಯಾಟರಿ ದೀಪಗಳನ್ನು ಹಣತೆಯಲ್ಲಿಟ್ಟು ನೋಡಿದೆವು. ಹತ್ತಿರದಿಂದ ಪರವಾಗಿಲ್ಲ ಎನಿಸಿದರೂ ಅವುಗಳಿಂದ ಹಾಡುವವರ ಮುಖ ಬೆಳಗುವುದಿಲ್ಲ. ಮುಖವನ್ನು ಬಾರಿನ ದೀಪದಿಂದ ಬೆಳಗಿಸಿದರೆ ಕಣ್ಣು ಮೋಸಹೋಗುವುದಿಲ್ಲ. ಕಾರಣ ಭೌತಶಾಸ್ತ್ರದ್ದು: ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮುಖದಿಂದ ಒಂದೂವರೆ ಅಡಿ ದೂರದಲ್ಲಿ ಹಣತೆ ಇದ್ದರೆ ಗಲ್ಲ ಬೆಳಗಿ, ಭುಜ ಮಸುಕಾಗಿ, ಹಿಂದೆ ಕುಳಿತವರು ಕತ್ತಲಾಗುತ್ತಾರೆ. ಹದಿನೆಂಟು ಅಡಿ ಎತ್ತರದ ದೀಪಕ್ಕೆ ಮುಖವೂ ಒಂದೇ, ಮೊಣಕಾಲೂ ಒಂದೇ. ಬೆಳಕು ಬೇಗ ಕುಗ್ಗುವುದನ್ನು ನೋಡಿಯೇ ನಮ್ಮ ಕಣ್ಣು ದೀಪ ಹತ್ತಿರದಲ್ಲಿದೆ ಎಂದು ನಂಬುತ್ತದೆ. ಹಾಗಾಗಿ ಬೆಳಕಿನ ಮೂಲ ಹಣತೆಯ ಹತ್ತಿರವೇ ಇರಬೇಕಿತ್ತು.

ಕೊನೆಗೆ ದಾರಿ ತೋರಿದ್ದು ಹಳೆಯ ಮನೆಗಳ ಗೋಡೆಯಲ್ಲಿರುವ ದೀಪದ ಗೂಡು. ರಂಗಸಜ್ಜಿಕೆಯ ಕಲ್ಲುಗೋಡೆಯಲ್ಲಿ ಅಂಥ ಗೂಡುಗಳನ್ನು ಕೊರೆಸಿ, ಒಳಮೈಗೆ ಕಾವಿ ಬಳಿಸಿ, ಮುಂದೆ ಮಣ್ಣಿನ ಹಣತೆ ಇಟ್ಟು, ಅದರ ಮರೆಯಲ್ಲಿ 15 ವ್ಯಾಟ್‌ನ ಬಣ್ಣವಿಲ್ಲದ ಜೀರೋ ಬಲ್ಬ್ ಕೂರಿಸಿದೆವು. ಬಲ್ಬ್ ಪ್ರೇಕ್ಷಕರಿಗೆ ಕಾಣದು; ಕಾವಿಗೆ ತಾಗಿ ಹೊರಬರುವ ಬೆಳಕು ಮಾತ್ರ ಕಾಣುತ್ತದೆ. ಎಲ್ಲ ಗೂಡುಗಳನ್ನು ಪ್ರತ್ಯೇಕವಾಗಿ ನಿಯಂತ್ರಿಸಬಹುದಾದ ಮೂರು ಚಾನೆಲ್‌ಗಳಿಗೆ ಹಂಚಿ, ಶೇಕಡ 55ರಿಂದ 75ರ ನಡುವೆ ಮೂರೂ ಬೇರೆ ಬೇರೆ ಗತಿಯಲ್ಲಿ ಏರಿಳಿಯುವಂತೆ ಮಾಡಿದೆ. ಏರಿಳಿತ ಒಂದೇ ಲಯದಲ್ಲಿದ್ದರೆ ಕೂಡಲೇ ಯಂತ್ರದ ವಾಸನೆ ಬರುತ್ತದೆ. ಅಷ್ಟೇ ಅಲ್ಲದೆ ಅದು ತಬಲಾದ ಲಯದೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ಇಲ್ಲಿ ಒಂದು ಗುಟ್ಟು ಹೇಳಲೇಬೇಕು. ದೊಡ್ಡ ದೀಪಗಳಿಗೆಂದು ಮಾಡಿದ, ಬೆಳಕನ್ನು ಏರಿಳಿಸುವ ಡಿಮ್ಮರ್‌ಗೆ ನಾಲ್ಕು ಜೀರೋ ಬಲ್ಬ್‌ಗಳ ಭಾರ ಸಾಲದು; ಅವು ತಾವಾಗಿ ಮಿನುಗುತ್ತವೆ ಅಥವಾ ಪೂರ್ತಿ ಆರುವುದೇ ಇಲ್ಲ. ಅದೇ ಚಾನೆಲ್‌ಗೆ ರಂಗದ ಹಿಂದೆ, ತಗಡಿನ ಡಬ್ಬಿಯೊಳಗೆ, ಒಂದು 100 ವ್ಯಾಟ್ ಬಲ್ಬ್ ಜೋಡಿಸಿದರೆ ಸರಿಹೋಗುತ್ತದೆ. ನಟರ ಕೈಗೆಟಕುವಲ್ಲಿ 230 ವೋಲ್ಟ್ ಇರುವುದರಿಂದ ಆ ಸಾಲಿಗೆ, ವಿದ್ಯುತ್ ಸೋರಿದರೆ ಕೂಡಲೇ ಕಡಿತಮಾಡುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿದ್ದೆವು. ಅದಿಲ್ಲದೆ ಈ ಕೆಲಸಕ್ಕೆ ಯಾರೂ ಕೈಹಾಕಬಾರದು. ನಟರು ಕೈಯಲ್ಲಿ ಹಿಡಿದು ನಡೆಯುವ ಹಣತೆಗಳು ಮಾತ್ರ ಬ್ಯಾಟರಿಯವು.

ಬಣ್ಣದ ವಿಷಯದಲ್ಲಿ ನಾನು ದುಡ್ಡು ಕಳೆದುಕೊಂಡದ್ದನ್ನು ಹೇಳಿದರೆ ಬೇರೆಯವರಿಗೆ ಉಳಿತಾಯವಾದೀತು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಅಂಕಿ ಇಳಿದಷ್ಟೂ ಬಣ್ಣ ಕೆಂಪಿಗೆ ಹತ್ತಿರ. ಎಣ್ಣೆದೀಪದ ಬೆಳಕು ಸುಮಾರು 1900 ಕೆಲ್ವಿನ್, ಹ್ಯಾಲೊಜೆನ್ ಪೂರ್ಣವಾಗಿ ಉರಿದಾಗ 3200 ಕೆಲ್ವಿನ್. ಈ ಅಂತರ ತುಂಬಲೆಂದು ಲೀ ಕಂಪನಿಯ ಸ್ಟ್ರಾ 103, ಗೋಲ್ಡನ್ ಆಂಬರ್ 134, ಏಪ್ರಿಕಾಟ್ 147 ಹೀಗೆ ದೀಪದ ಮುಂದೆ ಹಾಕುವ ಜೆಲ್ ಎಂಬ ಬಣ್ಣದ ಹಾಳೆಗಳನ್ನು ರಾಶಿಯಾಗಿ ತರಿಸಿದೆ. ಆದರೆ ಹ್ಯಾಲೊಜೆನ್ ದೀಪವನ್ನು ಮಂದಮಾಡಿದಷ್ಟೂ ಅದು ತಾನಾಗಿಯೇ ಕೆಂಪಿಗೆ ತಿರುಗುತ್ತದೆ. ಶೇಕಡ 40ರಲ್ಲಿ, ಯಾವ ಜೆಲ್ಲೂ ಇಲ್ಲದೆ, ನನಗೆ ಬೇಕಾದ ಬಣ್ಣ ಕಣ್ಣಮುಂದಿತ್ತು. ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಕಲಿಸುವ ಪಾಠ ಅದು. ಅಂಗಡಿಗೆ ಹೋಗುವ ಮೊದಲು ಒಂದು ಸಂಜೆ ಒಂದೇ ದೀಪ ಹಚ್ಚಿ ನೋಡಿದ್ದರೆ ಸಾಕಿತ್ತು. ತರಿಸಿದ ಹಾಳೆಗಳಲ್ಲಿ ಮೂರನೆಯ ಒಂದು ಭಾಗವಷ್ಟೇ ಬಳಕೆಯಾಯಿತು.

ಎಲ್‌ಇಡಿಗೆ ಈ ಗುಣವಿಲ್ಲ. ಮಂದಮಾಡಿದರೂ ಬಣ್ಣ ಇದ್ದಂತೆಯೇ ಇರುತ್ತದೆ. ನಮಗೆ ಬಾಡಿಗೆಗೆ ಸಿಕ್ಕಂಥವು ಶೇಕಡ ಹತ್ತರ ಕೆಳಗೆ ಮೆಟ್ಟಿಲಿಳಿದಂತೆ ಜಿಗಿಜಿಗಿದು ಆರುತ್ತವೆ. ಒಂದು ವಚನ ಮುಗಿದು ತಂಬೂರಿಯೊಂದೇ ಉಳಿದಿರುವಾಗ ಆ ಜಿಗಿತ ಕಂಡರೆ ಇಡೀ ಹಾಡು ಕೆಟ್ಟಂತೆ. ಆದ್ದರಿಂದ ಮುಖಕ್ಕೆ, ಪಕ್ಕದ ಬೆಳಕಿಗೆ, ಹಾಡಿನ ಕೊನೆಗೆ ಹ್ಯಾಲೊಜೆನ್. ಹಿಂದಿನ ಆಕಾಶಕ್ಕೆ, ಬೆಳದಿಂಗಳಿಗೆ, ನಸುಕಿಗೆ ಎಲ್‌ಇಡಿ ಎಂದು ಗೆರೆ ಎಳೆದೆ. ಬೆಳದಿಂಗಳನ್ನೂ ಮೊದಲು ಕಡುನೀಲಿಯಲ್ಲಿ ಮಾಡಿದ್ದೆ. ಉಡುಪು ಪರೀಕ್ಷೆಯ ದಿನ ಗೊತ್ತಾಯಿತು, ಆ ನೀಲಿಯಲ್ಲಿ ನಮ್ಮ ಕಂದುಮೈಯೆಲ್ಲ ಬೂದಿಯಾಗಿ, ಹಣೆಯ ವಿಭೂತಿ ಮತ್ತು ಬಿಳಿಯ ಧೋತರ ಮಾತ್ರ ತೇಲುತ್ತಿದ್ದವು. ಬೂದು ಬೆರೆತ, ತೆಳುವಾದ ನೀಲಿಗೆ ಇಳಿಸಿ, ಪಕ್ಕದಿಂದ ತುಸು ಬೆಚ್ಚನೆಯ ಬೆಳಕು ಸೇರಿಸಿದ ಮೇಲೆ ಮುಖಗಳಿಗೆ ಜೀವ ಬಂತು. ಉಡುಪು ಹೊಲಿಸುವವರಿಂದ ಪ್ರತಿ ಬಟ್ಟೆಯ ಒಂದು ಗೇಣು ತುಂಡನ್ನು ಜನವರಿಯ ಮೊದಲೇ ಕೇಳಿ ಪಡೆದು, ಬೆಳಕಿಗೆ ಹಿಡಿದು ನೋಡುವುದು ಒಳ್ಳೆಯದು.

ಫಾಲೋ ಸ್ಪಾಟ್ ಬಗ್ಗೆ ನಿರ್ದೇಶಕಿಯವರಿಗೂ ನನಗೂ ಎರಡು ಸಂಜೆ ಮಾತು ನಡೆಯಿತು. ಹಾಡುವವರ ಮುಖ ಸ್ಪಷ್ಟವಾಗಿ ಕಾಣಬೇಕೆಂಬ ಅವರ ಮಾತು ನಿಜ. ತುಟಿ ಕಾಣದಿದ್ದರೆ ವಚನದ ಮಾತೂ ಕೇಳಿಸದಂತಾಗುತ್ತದೆ. ಆದರೆ ಎಲ್ಲರೂ ಸಮಾನರೆಂದು ಸೇರಿದ ಮಂಟಪದಲ್ಲಿ ಬಸವಣ್ಣನ ಮೇಲೋ ಅಕ್ಕಮಹಾದೇವಿಯ ಮೇಲೋ ದುಂಡನೆಯ ಬೆಳಕು ಬಿಟ್ಟರೆ, ಅವರು ಹಾಡುತ್ತಿರುವುದನ್ನು ಬೆಳಕು ಅಲ್ಲಗಳೆದಂತಾಗುತ್ತದೆ ಎಂದು ನಾನು ವಾದಿಸಿದೆ. ಒಡ್ಡೋಲಗದಲ್ಲಿ ಬಿಜ್ಜಳನ ಹತ್ತಿರ ಬೆಳಕು ಹೆಚ್ಚು, ದೂರ ಹೋದಂತೆ ಕಡಿಮೆ. ಮಂಟಪದಲ್ಲಿ ಅಲ್ಲಮಪ್ರಭುವಿನ ಪೀಠಕ್ಕೂ ಬಾಗಿಲ ಬಳಿ ಕುಳಿತವನಿಗೂ ಒಂದೇ ಬೆಳಕು. ಹರಳಯ್ಯನ ಮನೆಯಲ್ಲಿ ಒಂದೇ ಒಂದು ಗೂಡಿನ ದೀಪ. ಮುಖಗಳಿಗಾಗಿ ಬಾಲ್ಕನಿಯ ಅಂಚಿನಿಂದ ಎರಡು ಹ್ಯಾಲೊಜೆನ್‌ಗಳನ್ನು ಗಮನಕ್ಕೆ ಬಾರದಷ್ಟು ಮಂದವಾಗಿ ಇಡೀ ನಾಟಕ ಉರಿಸುವುದೆಂದು ಒಪ್ಪಂದವಾಯಿತು. ಅವರು ನನ್ನ ಮಾತಿಗೆ ಕಿವಿಗೊಟ್ಟದ್ದಕ್ಕೆ ನಾನು ಋಣಿ.

ಸಂಗೀತ ನಾಟಕದಲ್ಲಿ ಬೆಳಕು ಮಾತಿನ ಮೇಲೆ ಬದಲಾಗುವುದಕ್ಕಿಂತ ಹೆಚ್ಚಾಗಿ ತಾಳದ ಮೇಲೆ ಬದಲಾಗುತ್ತದೆ. ನಮ್ಮಲ್ಲಿ 86 ಕ್ಯೂಗಳು, ಅಂದರೆ ಬೆಳಕು ಬದಲಾಗುವ ಗುರುತುಗಳು, ಇದ್ದವು, ಅವುಗಳಲ್ಲಿ 50ಕ್ಕಿಂತ ಹೆಚ್ಚು ಹಾಡಿನೊಳಗೇ ಬರುವಂಥವು. ಒಂದು ಉದಾಹರಣೆ: ಝಪ್‌ತಾಳದಲ್ಲಿ, ನಿಮಿಷಕ್ಕೆ 75 ಮಾತ್ರೆಯ ಲಯದಲ್ಲಿ, ಹತ್ತು ಮಾತ್ರೆಯ ಒಂದು ಆವರ್ತನಕ್ಕೆ ಎಂಟು ಸೆಕೆಂಡು ಬೇಕು. ಬೆಳಗು ಪೂರ್ತಿಯಾಗುವುದು ಸಮಕ್ಕೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಎಂದಿದ್ದರೆ, ಬಟನ್ ಒತ್ತಬೇಕಾದದ್ದು ಹಿಂದಿನ ಸಮದ ಮೇಲೆ. ಮೊದಲು ಬೆಳಕು ನಡೆಸುತ್ತಿದ್ದ ಗೆಳೆಯರು ಸಂಭಾಷಣೆಗೆ ಬಹಳ ಚುರುಕು. ಹಾಡಿನಲ್ಲಿ ಗಾಯಕಿ ಒಂದು ಆಲಾಪ ಹೆಚ್ಚಿಗೆ ತೆಗೆದುಕೊಂಡರೆ ಮಾತ್ರ ದಾರಿ ತಪ್ಪುತ್ತಿದ್ದರು. ಕೊನೆಗೆ ಅವರೇ ಮುಂದಾಗಿ, ತಬಲಾ ಕಲಿಯುತ್ತಿರುವ ಕಾಲೇಜು ಹುಡುಗನೊಬ್ಬನನ್ನು ಕರೆತಂದರು. ಬೆಳಕು ನಡೆಸುವ ಯಂತ್ರವಾದ ಕನ್ಸೋಲ್ ಅನ್ನು ಅವನು ಮೂರು ದಿನದಲ್ಲಿ ಕಲಿತ. ಸಮ ಎಲ್ಲಿ ಬೀಳುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಿಮ್ಮೇಳದವರಿಂದಲೂ ನಾನು ಎಣಿಸಿರದ ತೊಡಕುಗಳು ಎದುರಾದವು. ಹೊಗೆಯ ಯಂತ್ರವನ್ನು ತಾಲೀಮಿನಲ್ಲಿ ಹತ್ತು ನಿಮಿಷ ನಡೆಸಿದ್ದೇ ತಡ, ಇಬ್ಬರು ಗಾಯಕಿಯರಿಗೆ ಗಂಟಲು ಒಣಗಿತು. ಅವರ ಗಂಟಲಿಗಿಂತ ನನ್ನ ಬೆಳಕಿನ ಕೋಲುಗಳು ದೊಡ್ಡವಲ್ಲ. ಹಾಡೆಲ್ಲ ಮುಗಿದ ಮೇಲಿನ ಕಾಡುದಾರಿಯ ಮೌನಕ್ಕೆ ಮಾತ್ರ ಹೊಗೆಯನ್ನು ಉಳಿಸಿಕೊಂಡೆ. ಡಿಮ್ಮರ್‌ಗಳು ಅರ್ಧಕ್ಕೆ ಬಂದಾಗಲೆಲ್ಲ ಧ್ವನಿವರ್ಧಕದಲ್ಲಿ ಗುಂಯ್ ಎಂಬ ಸದ್ದು ಕೇಳಿಸುತ್ತಿತ್ತು. ಮೈಕಿನ ತಂತಿಗಳು ದೀಪದ ತಂತಿಗಳ ಜೊತೆಜೊತೆಗೇ ಓಡುತ್ತಿದ್ದುದು ಅದಕ್ಕೆ ಕಾರಣ. ಅವನ್ನು ಬೇರ್ಪಡಿಸಿ, ಹಾಯಲೇಬೇಕಾದ ಕಡೆ ಲಂಬವಾಗಿ ಹಾಯಿಸಿ, ಧ್ವನಿಗೆ ಬೇರೆ ಫಲಕದಿಂದ ವಿದ್ಯುತ್ ಕೊಟ್ಟ ಮೇಲೆ ಸದ್ದು ನಿಂತಿತು. ಹಾರ್ಮೋನಿಯಂ ನುಡಿಸುವವರು ಹಾಡಿನ ಸಾಹಿತ್ಯವನ್ನು ಮೊಬೈಲಿನಲ್ಲಿ ನೋಡುತ್ತಿದ್ದರು. ಹರಳಯ್ಯನ ಮನೆಯ ಕತ್ತಲೆಯಲ್ಲಿ ಆ ನೀಲಿಬಿಳಿ ಚೌಕ ಹಣತೆಗಿಂತ ಪ್ರಖರವಾಗಿ ಕಂಡಿತು. ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದ ಹಾಳೆಗಳನ್ನೂ, ಸ್ಟ್ರಾ ಜೆಲ್ ಸುತ್ತಿದ ಪುಟ್ಟ ಬಲ್ಬನ್ನೂ ಅವರಿಗೆ ಮಾಡಿಕೊಟ್ಟೆವು.

ತಾಂತ್ರಿಕ ತಾಲೀಮಿನ ದಿನವನ್ನು ಮರೆಯಲಾರೆ. ಪ್ರದರ್ಶನಕ್ಕೆ ಎರಡು ದಿನ ಮೊದಲು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕುಳಿತು 61 ಕ್ಯೂಗಳನ್ನು ಕನ್ಸೋಲಿಗೆ ತುಂಬಿದ್ದೆವು. ಆರೂ ಇಪ್ಪತ್ತಕ್ಕೆ ವಿದ್ಯುತ್ ಹೋಯಿತು. ಜನರೇಟರ್ ಬರಲು ಒಂದು ನಿಮಿಷವೂ ಆಗಲಿಲ್ಲ, ಆದರೆ ಕನ್ಸೋಲ್ ಮತ್ತೆ ತೆರೆದಾಗ ಎಲ್ಲ ಪುಟಗಳೂ ಖಾಲಿ. ಬಾಡಿಗೆಗೆ ಬಂದ ಆ ಯಂತ್ರದೊಳಗಿನ ನೆನಪಿನ ಬ್ಯಾಟರಿ ಸತ್ತುಹೋಗಿತ್ತು. ಪೆನ್‌ಡ್ರೈವಿಗೆ ಆಗಾಗ ಪ್ರತಿ ತೆಗೆದುಕೊಳ್ಳುವುದನ್ನು ನಾನು ಸಂಜೆಗೆಂದು ಮುಂದೂಡಿದ್ದೆ. ಸುಮಾರು ಐದು ನಿಮಿಷ ಯಾರೂ ಮಾತನಾಡಲಿಲ್ಲ. ನನ್ನ ಕೈ ನಡುಗುತ್ತಿತ್ತು. ಆಗ ಹುಡುಗ ತನ್ನ ಚೀಲದಿಂದ ಉದ್ದನೆಯ ನೋಟ್‌ಬುಕ್ ತೆಗೆದ. ಪ್ರತಿ ಕ್ಯೂವಿನ ಸಂಖ್ಯೆ, ಹಾಡಿನ ಸಾಲು, ಮಾತ್ರೆ, ಎಲ್ಲ ಚಾನೆಲ್‌ಗಳ ಶೇಕಡಾವಾರು ಅಳತೆಗಳನ್ನು ಅವನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ. ಅದನ್ನು ನೋಡಿಕೊಂಡು ರಾತ್ರಿ ಹನ್ನೊಂದೂವರೆಗೆ ಎಲ್ಲವನ್ನೂ ಮತ್ತೆ ತುಂಬಿದೆವು. ಮರುದಿನ ನನ್ನ ಮನೆಯ ಕಂಪ್ಯೂಟರಿನ ಯುಪಿಎಸ್ ತಂದು ಕನ್ಸೋಲಿಗೆ ಜೋಡಿಸಿದೆ. ಬಾಡಿಗೆ ಕನ್ಸೋಲ್ ಕೈಗೆ ಬಂದ ಕೂಡಲೇ ಒಂದು ಕ್ಯೂ ತುಂಬಿ, ವಿದ್ಯುತ್ ತೆಗೆದು, ಹತ್ತು ನಿಮಿಷ ಬಿಟ್ಟು ಅದು ಉಳಿದಿದೆಯೇ ಎಂದು ನೋಡಿ. ಯುಪಿಎಸ್ ಇರಲಿ, ಪೆನ್‌ಡ್ರೈವಿನಲ್ಲಿ ಪ್ರತಿ ಇರಲಿ, ಎಲ್ಲಕ್ಕಿಂತ ಮಿಗಿಲಾಗಿ ಕಾಗದದ ಮೇಲೆ ಇರಲಿ.

ಮೊದಲ ಪ್ರದರ್ಶನದ ದಿನ ಬೆಳಿಗ್ಗೆ ಪ್ರತಿ ದೀಪದ ಸೇಫ್ಟಿ ಚೈನನ್ನು ಕಾಕಾ ಮತ್ತು ನಾನು ಏಣಿ ಹತ್ತಿ ಎಳೆದು ನೋಡಿದೆವು. ಸೈಡ್ ವಿಂಗ್‌ಗಳಲ್ಲಿ ಮೊಣಕಾಲೆತ್ತರಕ್ಕೆ ನಿಲ್ಲಿಸಿದ್ದ ದೀಪಗಳ ಸುತ್ತ ಮಕ್ಕಳು ತಾಗದಂತೆ ಜಾಲರಿ ಕಟ್ಟಿದೆವು, ಬೆಳಕಿನಿಂದ ಕತ್ತಲೆಗೆ ಬರುವ ನಟರು ಎಡವದಂತೆ ನೆಲಕ್ಕೆ ಬಿಳಿಯ ಪಟ್ಟಿ ಅಂಟಿಸಿದೆವು. ಇಷ್ಟಾದರೂ ಮೂರನೆಯ ದೃಶ್ಯದಲ್ಲಿ ಒಂದು ಹ್ಯಾಲೊಜೆನ್ ಸುಟ್ಟುಹೋಗಿ ಬಿಜ್ಜಳನ ಎಡಭಾಗ ಕತ್ತಲಾಯಿತು. ಕತ್ತಲೆಗೆ ಹೆದರದ ವಿನ್ಯಾಸವಾಗಿದ್ದರಿಂದ ಅದು ಯಾರಿಗೂ ಕೊರತೆಯಾಗಿ ಕಾಣಲಿಲ್ಲ ಎಂದು ಆಮೇಲೆ ತಿಳಿಯಿತು.

ಹರಳಯ್ಯನ ಮನೆಯ ದೃಶ್ಯದ ಹೊತ್ತಿಗೆ ನಾನು ಬಾಲ್ಕನಿಯಿಂದ ಇಳಿದು ಕೊನೆಯ ಸಾಲಿನ ಹಿಂದೆ ನಿಂತಿದ್ದೆ. ಗೂಡಿನ ಒಂದು ದೀಪ, ಅದರ ಪಕ್ಕ ಗೋಡೆಗೊರಗಿ ಕುಳಿತ ಗಂಡಹೆಂಡತಿ. ಮಗನ ಮದುವೆಯ ಸುದ್ದಿ ಅರಮನೆಗೆ ಮುಟ್ಟಿದೆ ಎಂದು ಇಬ್ಬರಿಗೂ ಗೊತ್ತು. ಹೆಂಡತಿಯ ಪಾತ್ರದ ಗಾಯಕಿ ಮುಖವನ್ನು ಗೂಡಿನ ಕಡೆಗೆ ತಿರುಗಿಸಿದಾಗ ಆಕೆಯ ಕಣ್ಣಿನೊಳಗೆ ದೀಪದ ಎರಡು ಚುಕ್ಕೆಗಳು ಮೂಡಿದವು, ತಿರುಗಿದಾಗ ಆರಿದವು. ನಾನು ಯಾವ ಕ್ಯೂವಿನಲ್ಲೂ ಬರೆದಿರದ ಬೆಳಕು ಅದು. ನನ್ನ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಹಾಡು ಮುಗಿಯುವವರೆಗೂ ಮುಂದಕ್ಕೆ ಬಾಗಿಯೇ ಇದ್ದರು.

ಕಲ್ಯಾಣ ಹೊತ್ತಿ ಉರಿಯುವ ದೃಶ್ಯಕ್ಕೆ ಕೆಂಪು ಎಲ್‌ಇಡಿಗಳನ್ನೆಲ್ಲ ಒಮ್ಮೆಗೇ ಹಚ್ಚಬೇಕೆಂಬ ಒತ್ತಾಯ ಕೊನೆಯವರೆಗೂ ಇತ್ತು. ನಾನು ಎರಡೂ ಪಕ್ಕಗಳಿಂದ, ನೆಲದ ಮಟ್ಟದಿಂದ, ಗೋಲ್ಡನ್ ಆಂಬರ್ ಹಾಕಿದ ನಾಲ್ಕೇ ದೀಪ ಬಿಟ್ಟೆ. ಓಡುವವರ ನೆರಳುಗಳು ಹಿಂದಿನ ಗೋಡೆಯ ಮೇಲೆ ಮೂರಾಳೆತ್ತರ ಬೆಳೆದು ಒಂದರ ಮೇಲೊಂದು ಬಿದ್ದವು. ಆ ದೃಶ್ಯಕ್ಕೆ ಬೇರೇನೂ ಬೇಕಾಗಲಿಲ್ಲ.

ಖರ್ಚಿನ ಲೆಕ್ಕ ಹೀಗಿದೆ. ದೀಪ, ಡಿಮ್ಮರ್, ಕನ್ಸೋಲ್ ಬಾಡಿಗೆ ಸಾಗಣೆ ಸೇರಿ 21,000 ರೂಪಾಯಿ, ಡೀಸೆಲ್ ಸಹಿತ ಜನರೇಟರ್ 9,500, ಜೆಲ್ 4,100, ಎಲೆಕ್ಟ್ರಿಶಿಯನ್ ಮತ್ತು ಸಹಾಯಕರಿಗೆ 4,000, ಆರ್‌ಸಿಸಿಬಿ, ವೈರು, ಜೀರೋ ಬಲ್ಬ್, ಹಣತೆ ಎಲ್ಲ ಸೇರಿ 2,300, ಇಟಗಿಗೆ ಹೋಗಿಬಂದದ್ದು 1,800, ಎರಡು ಪ್ರದರ್ಶನಗಳಲ್ಲಿ ಸುಟ್ಟ ಎರಡು ಹ್ಯಾಲೊಜೆನ್‌ಗಳಿಗೆ 1,300. ಒಟ್ಟು 44,000. ತಂಡ ಬೆಳಕಿಗೆಂದು ತೆಗೆದಿಟ್ಟದ್ದು 25,000 ಮಾತ್ರ. ಉಳಿದದ್ದನ್ನು ಟಿಕೆಟ್ ಹಣದಿಂದಲೂ ಕೈಯಿಂದಲೂ ತುಂಬಿದೆವು. ಜನರೇಟರ್ ಮತ್ತು ಸುಡುವ ದೀಪಗಳ ಖರ್ಚನ್ನು ಮೊದಲ ಅಂದಾಜಿನಲ್ಲಿ ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ. ಬಾಡಿಗೆ ದೀಪಗಳನ್ನು ಪಡೆಯುವಾಗಲೇ ಪ್ರತಿಯೊಂದನ್ನೂ ಉರಿಸಿ ನೋಡಿ, ಒಡೆದದ್ದು, ಬಾಗಿದ್ದು ಎಲ್ಲವನ್ನೂ ಬರೆದು ಸಹಿ ಮಾಡಿಸಿಕೊಂಡರೆ ಹಿಂದಿರುಗಿಸುವ ದಿನ ಠೇವಣಿಗಾಗಿ ಮಾತು ಬೆಳೆಯುವುದಿಲ್ಲ.

ಮಾರ್ಚ್ ಕೊನೆಗೆ ಇನ್ನೊಂದು ಊರಿನಲ್ಲಿ ಮೂರನೆಯ ಪ್ರದರ್ಶನ ಗೊತ್ತಾಗಿದೆ. ಅಲ್ಲಿನ ವಿದ್ಯುತ್ ಫಲಕದ ಫೋಟೊ ನಿನ್ನೆ ಸಂಜೆ ಬಂತು: ಫೇಸಿಗೆ 63 ಆಂಪಿಯರ್. ಕಾಕಾ ಅವರಿಗೆ ಕಳಿಸಿ, ಆದರೂ ಹದಿನಾಲ್ಕೇ ದೀಪ ಸಾಕು ಎಂದು ಬರೆದಿದ್ದೇನೆ. ದೀಪದ ಗೂಡುಗಳನ್ನು ಹೊಸ ರಂಗದ ಅಳತೆಗೆ ಮತ್ತೆ ಕೊರೆಸಬೇಕಾಗಿದೆ; ಬಡಿಗ ನಾಳೆ ಬರುತ್ತಾರೆ.